ವರಾಹ ಎಂಬ ಹಡಗು

ಮಂಗಳೂರಿನಿಂದ ಹಿಂದಿರುಗಿದವನು ನೇರವಾಗಿ ಕೊಳಕೂರಕ್ಕೆ ಹೋಗಿದ್ದೆ. ಜೇವರ್ಗಿ ಸೀಮೆಯ ಎರೆ ಭೂಮಿ. ಕಣ್ಣು ಹಾಯುವಷ್ಟು ದೂರವೂ ತೊಗರಿ. ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ, “ಅಲ್ಲೇನು ನೋಡಿ ಬಂದ್ಯೋ ತಮ್ಮಾ?” ಎಂದು ಕೇಳಿದರು. ಪಣಂಬೂರಿನ ಬಂದರಿನಲ್ಲಿ ‘ವರಾಹ’ವನ್ನು ನೋಡಿ ಬಂದೆ ಎಂದೆ.

“ವರಹಾ ಅಂದ್ರ ಹಳೀ ಕಾಲದ ರೊಕ್ಕ ಅಲ್ಲೇನು?”

ರೊಕ್ಕವಲ್ಲ, ಕೋಸ್ಟ್ ಗಾರ್ಡಿನವರ ಕಾವಲು ಹಡಗು ಎಂದು ವಿವರಿಸಿದೆ. ಕಾಕಾ ಎಲೆಗೆ ಸುಣ್ಣ ಸವರುತ್ತ, “ಸಮುದ್ರಾ ಕಾಯೋದರಿಂದ ನಮಗೇನು ಬಂತಪಾ?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಡಲು ಕಾಣದ ನಮ್ಮ ಸೀಮೆಗೂ ಕಡಲಿಗೂ ಇರುವ ನಂಟು ನಿನ್ನೆಯದಲ್ಲ. ವರಾಹವೇ ಬಾದಾಮಿಯ ಚಾಲುಕ್ಯರ ಲಾಂಛನ. ಕ್ರಿ.ಶ. 578ರ ಶಾಸನವಿರುವ ಅಲ್ಲಿನ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ನೀರಿನಿಂದೆತ್ತಿದ ಆ ಮೂರ್ತಿಯನ್ನು ಇಂದಿಗೂ ಕಾಣಬಹುದು. ಅದೇ ವಂಶದ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಮಲಪ್ರಭೆಯ ದಂಡೆಯ ದೊರೆಗೆ ಹಡಗಿನ ಹುಚ್ಚು!

ನಮ್ಮ ಜಿಲ್ಲೆಯ ಮಳಖೇಡದ ಮಾತು ಇದಕ್ಕಿಂತಲೂ ಸ್ವಾರಸ್ಯವಾದದ್ದು. ಇಂದು ಕಾಗಿಣಾ ದಂಡೆಯಲ್ಲಿ ಹಾಳು ಕೋಟೆಯಾಗಿ ನಿಂತಿರುವ ಈ ಊರನ್ನು ಅರಬ್ಬೀ ಪ್ರವಾಸಿಗಳು ‘ಮಾನ್ಕೀರ್’ ಎಂದು ಕರೆದರು. ಅಲ್ಲಿಯ ರಾಷ್ಟ್ರಕೂಟ ದೊರೆ ಅವರ ಬಾಯಲ್ಲಿ ‘ಬಲ್ಹರಾ’. ಮಹಾರಾಷ್ಟ್ರದ ಚಿಂಚಣಿಯಲ್ಲಿ ದೊರೆತ, 926ರ ತಾಮ್ರಶಾಸನದಲ್ಲಿ ಮಧುಮತಿಯೆಂಬ ಒಬ್ಬ ಅಧಿಕಾರಿ ಬರುತ್ತಾನೆ. ಈತ ತಾಜಿಕ, ಅಂದರೆ ಅರಬ್ಬೀ ಮೂಲದವನು. ಹೆಸರು ಮಹಮ್ಮದ ಎಂಬುದರ ಸಂಸ್ಕೃತ ರೂಪವೆಂದು ವಿದ್ವಾಂಸರ ಮತ. ಇಮ್ಮಡಿ ಕೃಷ್ಣ ಇವನಿಗೆ ಸಂಜಾಣದ ಸೀಮೆಯನ್ನು ವಹಿಸಿದ್ದನು. ಸುತ್ತಲ ರೇವುಗಳ ನಾಯಕರನ್ನೆಲ್ಲ ಇವನು ತನ್ನ ದೊರೆಗಾಗಿ ಗೆದ್ದು ಅಲ್ಲಿ ಅಧಿಕಾರಿಗಳನ್ನಿರಿಸಿದನು. ಇಷ್ಟೇ ಆಗಿದ್ದರೆ ಇವನನ್ನು ಮರೆಯಬಹುದಿತ್ತು. ಇವನು ಎರಡು ಹೊಳೆಗಳಲ್ಲಿ ಬಿಟ್ಟಿ ದೋಣಿಯನ್ನೂ ಹಸಿದವರಿಗೆ ಅನ್ನಛತ್ರವನ್ನೂ ಇಡಿಸಿದನಂತೆ. ಕಡಲು ಕಾಯುವವನ ಕೆಲಸದಲ್ಲಿ ದಾಟಿಸುವುದೂ ಸೇರಿತ್ತು.

ನಮ್ಮ ಕಾಲದ ಕಾವಲಿಗೆ ಮೂಲ ಕಳ್ಳಸಾಗಣೆ. ಚಿನ್ನ, ಗಡಿಯಾರಗಳು ಕದ್ದು ಇಳಿಯುತ್ತಿದ್ದ ದಿನಗಳಲ್ಲಿ ಅದನ್ನು ತಡೆಯುವುದು ನೌಕಾದಳದ ಕೆಲಸವಲ್ಲವೆನಿಸಿತು. ರುಸ್ತುಂಜಿ ಸಮಿತಿ ಬೇರೊಂದು ಪಡೆ ಬೇಕೆಂದಿತು. 1977ರ ಫೆಬ್ರುವರಿಯಲ್ಲಿ ತಾತ್ಕಾಲಿಕವಾಗಿ ಹುಟ್ಟಿದ ಕೋಸ್ಟ್ ಗಾರ್ಡ್ 1978ರ ಕಾಯಿದೆಯಿಂದ ಗಟ್ಟಿಯಾಯಿತು. ಆರಂಭಕ್ಕೆ ಸಿಕ್ಕಿದ್ದು ನೌಕಾದಳ ಕೊಟ್ಟ ಹಳೆಯ ಹಡಗುಗಳು. ಈಗಿನ ‘ವರಾಹ’ ಆ ಹೆಸರಿನ ಎರಡನೆಯದು. ಮೊದಲನೆಯದನ್ನು ಶ್ರೀಲಂಕೆಗೆ ಕೊಟ್ಟರು. ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ಕಟ್ಟಿದ ಇದು 2019ರ ಸೆಪ್ಟೆಂಬರ್ 25ರಂದು ಸೇವೆಗೆ ಸೇರಿ, ನವಮಂಗಳೂರನ್ನು ನೆಲೆಯಾಗಿ ಪಡೆಯಿತು. ಉದ್ದ 98 ಮೀಟರು, ತೂಕ ಸುಮಾರು 2,100 ಟನ್ನು. ಬಿಳಿಯ ಮೈ, 30 ಮಿಲಿಮೀಟರಿನ ಒಂದು ತೋಪು, ಹಿಂಬದಿಯಲ್ಲಿ ಹೆಲಿಕಾಪ್ಟರು ಇಳಿಯುವ ಅಂಗಳ. ಆದರೆ ನನ್ನ ಕಣ್ಣು ನೆಟ್ಟದ್ದು ತೋಪಿನ ಮೇಲಲ್ಲ, ಪಕ್ಕದಲ್ಲಿದ್ದ ಸಣ್ಣ ದೋಣಿಗಳ ಮೇಲೆ.

2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತವನ್ನು ಓದುಗರು ಮರೆತಿರಲಾರರು. ‘ಕೋರಮಂಡಲ್ ಸಪೋರ್ಟರ್’ ಎಂಬ ಟಗ್ಗು ಕಾಪು, ಮೂಲ್ಕಿಯ ಕಡೆಯ ಬಂಡೆಗಳ ನಡುವೆ ಸಿಕ್ಕಿಬಿತ್ತು. ಇಂಜಿನಿನ ಕೋಣೆಗೆ ನೀರು ನುಗ್ಗಿತ್ತು, ಒಳಗೆ ಒಂಬತ್ತು ಜನ. ದಡ ಕಣ್ಣಿಗೆ ಕಾಣುತ್ತಿದೆ, ಆದರೆ ಹೋಗುವಂತಿಲ್ಲ. 17ನೆಯ ತಾರೀಖು ಐವರನ್ನು ‘ವರಾಹ’ದವರು ತಮ್ಮ ದೋಣಿಯಲ್ಲಿ ಎತ್ತಿದರು, ಉಳಿದ ನಾಲ್ವರನ್ನು ನೌಕಾದಳದ ಹೆಲಿಕಾಪ್ಟರು ಎಳೆದುಕೊಂಡಿತು. ಅದೇ ಬಿರುಗಾಳಿಯಲ್ಲಿ ಮಗುಚಿದ ಇನ್ನೊಂದು ಟಗ್ಗಿನವರೆಲ್ಲರಿಗೆ ಈ ಭಾಗ್ಯವಿರಲಿಲ್ಲ. ಹಡಗಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಬಾದಾಮಿ ಇತ್ತೋ ಇಲ್ಲವೋ, ಆ ದಿನ ಹೆಸರು ಸಾರ್ಥಕವಾಯಿತು.

ಕಾಕಾ ಎಲ್ಲವನ್ನೂ ಕೇಳಿದರು. 2020ರಲ್ಲಿ ಭೀಮೆ ಉಕ್ಕಿದಾಗ ತೀರದ ಊರುಗಳಿಗೆ ದೋಣಿ ಬಂದದ್ದು ಅವರಿಗೂ ಗೊತ್ತು. ಐದು ಜೀವದ ಮಾತಿಗೆ ತಲೆದೂಗಿದರು. ನಿನ್ನ ಟ್ರ್ಯಾಕ್ಟರಿನ ಡೀಸೆಲ್ಲೂ ಬಹುಪಾಲು ಹಡಗಿನಲ್ಲಿ ಬಂದ ಎಣ್ಣೆಯಿಂದಲೇ ಆದದ್ದು ಎಂದು ನಾನು ಸ್ವಲ್ಪ ಗರ್ವದಿಂದಲೇ ಹೇಳಿದೆ. ಅಲ್ಲಿ ಸಿಕ್ಕಿಬಿದ್ದೆ.

“ಆಫ್ರಿಕಾದ ತೊಗರೀನೂ ಹಡಗಿನ್ಯಾಗ ಬರ್ತದಲ್ಲ?”

“ಹೌದು ಕಾಕಾ, ಮೊಜಾಂಬಿಕಿನಿಂದ ಬರ್ತದ.”

“ಅದು ಬಂದ್ರ ನಮ್ಮ ತೊಗರಿ ರೇಟು ಬೀಳ್ತದ. ನಿನ್ನ ವರಾಹ ಅದನ್ನ ತಡೀತದೇನು?”

ಇಲ್ಲವೆಂದೆ. ಅದು ಕಾಯಿದೆಯಂತೆ ಬರುವ ಸರಕು. ಅದನ್ನು ತರುವ ಹಡಗು ಮುಳುಗುವಂತಾದರೆ ‘ವರಾಹ’ ಹೋಗಿ ಅದರಲ್ಲಿರುವವರನ್ನು ಎತ್ತಬೇಕು.

ಕಾಕಾ ಬಹಳ ಹೊತ್ತು ಹೊಲದ ಕಡೆ ನೋಡುತ್ತ ಕುಳಿತಿದ್ದರು. ಆಮೇಲೆ, “ಮಂದೀನ ಎತ್ತಲಿ,” ಎಂದರು. “ಚೀಲ ಅಲ್ಲೇ ಬಿಡ್ಲಿ.”