ಲೆಕ್ಕದ ಪುಸ್ತಕ ಮೋಡಕ್ಕೆ ಹೋದರೆ ಕೀಲಿಕೈ ಯಾರ ಬಳಿ?



1904ರಲ್ಲಿ ನಮ್ಮ ದೇಶಕ್ಕೆ ಸಹಕಾರ ಕಾಯಿದೆ ಬಂತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅದು ಸಾಹುಕಾರನ ಪುಸ್ತಕದಲ್ಲಿ ಬರೆದದ್ದೇ ಲೆಕ್ಕ ಎಂಬ ಕಾಲ. ಸಾಲ ತೀರಿತೋ ಇಲ್ಲವೋ ರೈತನಿಗೆ ತಿಳೀತಿರಲಿಲ್ಲ. ಲೆಕ್ಕದ ಪುಸ್ತಕ ಸದಸ್ಯರ ಕೈಗೆ ಬಂದದ್ದೇ ಸಹಕಾರದಿಂದಾದ ದೊಡ್ಡ ಉಪಕಾರ. ಈಗ ಆ ಪುಸ್ತಕ ಕಂಪ್ಯೂಟರ್ ಸೇರಿದೆ, ಅಲ್ಲಿಂದ 'ಕ್ಲೌಡ್' ಅಂದರೆ ಮೋಡಕ್ಕೆ ಹೊರಟಿದೆ. ಆದ್ದರಿಂದ ಈ ಮೋಡದ ಚರಿತ್ರೆ ನಮಗೂ ತಿಳಿದಿರಬೇಕು.

ಇದು ಮಳೆ ಸುರಿಸುವ ಮೋಡ ಅಲ್ಲ. ದೂರದಲ್ಲಿರುವ ಬೇರೆಯವರ ದೊಡ್ಡ ಕಂಪ್ಯೂಟರುಗಳು, ಅಷ್ಟೆ. ನಮ್ಮ ಚೀಲವನ್ನು ಇನ್ನೊಬ್ಬರ ಗೋದಾಮಿನಲ್ಲಿಟ್ಟು ಬಾಡಿಗೆ ಕೊಟ್ಟ ಹಾಗೆ. 1960ರ ದಶಕದಲ್ಲೇ ಅಮೆರಿಕದಲ್ಲಿ ಕಂಪ್ಯೂಟರಿನ ಸಮಯವನ್ನು ಟೆಲಿಫೋನ್ ತಂತಿಯ ಮೂಲಕ ಬಾಡಿಗೆಗೆ ಕೊಡ್ತಿದ್ರು. ಆಗ ಸಾಫ್ಟ್‌ವೇರ್ ಸಾಮಾನ್ಯವಾಗಿ ಯಂತ್ರದ ಜೊತೆಗೇ ಬರುತ್ತಿತ್ತು. 1969ರಲ್ಲಿ ಐಬಿಎಂ ಕಂಪನಿ ಅದಕ್ಕೆ ಬೇರೆ ಬೆಲೆ ಎಂದು ಪ್ರಕಟಿಸಿತು. ಮುಂದೆ ಸಾಫ್ಟ್‌ವೇರ್ ದೊಡ್ಡ ವ್ಯಾಪಾರವಾಗಿ, ಅದರ ಒಳಗಿನ ಬರಹವನ್ನು ಮುಚ್ಚಿಡುವ ಪದ್ಧತಿ ಬೆಳೆಯಿತು.

ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್‌ಗೆ ಇದರ ಬಿಸಿ ಮುಟ್ಟಿದ್ದು ಒಂದು ಪ್ರಿಂಟರಿನಿಂದ. ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ತಿತ್ತು. ಸಾಫ್ಟ್‌ವೇರಿನ ಮೂಲ ಬರಹ ಸಿಕ್ಕಿದ್ದರೆ ಅವರೇ ಒಂದು ದಾರಿ ಮಾಡಿಕೊಳ್ತಿದ್ರು. ಅದನ್ನು ಇಟ್ಟುಕೊಂಡಿದ್ದವರು ಕಂಪನಿಗೆ ಕರಾರು ಬರೆದುಕೊಟ್ಟಿದ್ದರಿಂದ ಕೊಡಲು ಒಪ್ಪಲಿಲ್ಲ. 1983ರಲ್ಲಿ ಸ್ಟಾಲ್ಮನ್ 'ಗ್ನೂ' ಯೋಜನೆ ಪ್ರಕಟಿಸಿದರು, 1985ರಲ್ಲಿ ಸ್ವತಂತ್ರ ಸಾಫ್ಟ್‌ವೇರ್ ಪ್ರತಿಷ್ಠಾನ ಸ್ಥಾಪಿಸಿದರು. ಸಾಫ್ಟ್‌ವೇರನ್ನು ಬಳಸುವ, ತೆರೆದು ನೋಡಿ ತಿದ್ದುವ, ಪ್ರತಿ ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯ ಎಲ್ಲರಿಗೂ ಬೇಕು ಎಂಬುದು ಅವರ ವಾದ. ರೈತರಿಗೆ ಇದು ಹೊಸದೇನಲ್ಲ. ಹಗೇವಿನಲ್ಲಿಟ್ಟ ನಾಟಿ ಬೀಜ ಬಿತ್ತಬಹುದು, ನೆರೆಯವನಿಗೂ ಕೊಡಬಹುದು. ಹೈಬ್ರಿಡ್ ಆದರೆ ವರ್ಷ ವರ್ಷವೂ ಅಂಗಡಿಗೇ ಹೋಗಬೇಕು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 'ಲಿನಕ್ಸ್' ಬರೆದು ಜಗತ್ತಿಗೆ ಹಂಚಿದರು. 2006ರಲ್ಲಿ ಅಮೆಜಾನ್ ಕಂಪನಿ ಈಗಿನ ಮಾದರಿಯ ಕ್ಲೌಡ್ ಬಾಡಿಗೆ ಆರಂಭಿಸಿತು. ಸೋಜಿಗ ಅಂದ್ರೆ ಇಂಥ ಕ್ಲೌಡ್‌ಗಳ ಬಹುಪಾಲು ನಡೆಯೋದು ಅದೇ ಲಿನಕ್ಸ್ ಮೇಲೆ! ಬೀಜ ಎಲ್ಲರದು, ಗೋದಾಮಿನ ಬೀಗ ಮಾತ್ರ ಮಾಲೀಕರದು.

ಕ್ಲೌಡಿನಿಂದ ಉಪಯೋಗ ಇಲ್ಲವೆಂದಲ್ಲ. ಗೆದ್ದಲು ಹಿಡಿಯೋದಿಲ್ಲ, ಕಚೇರಿಗೆ ನೀರು ನುಗ್ಗಿದರೂ ಲೆಕ್ಕ ಉಳಿಯುತ್ತೆ. ತೊಂದರೆ ಇರೋದು ಹೊರಗೆ ಬರುವಾಗ. ಒಳಗೆ ಹೋಗೋಕೆ ಹೆಬ್ಬಾಗಿಲು, ಹೊರಗೆ ಬರೋಕೆ ಕಿಂಡಿ. ನಮ್ಮ ಸಂಘದಲ್ಲಿ ಹಿಂದೆ ಇದ್ದ ಸಾಫ್ಟ್‌ವೇರ್‌ನವರು ವಾರ್ಷಿಕ ಶುಲ್ಕ ಏರಿಸಿದಾಗ ನಾವು ಬೇಡವೆಂದೆವು. ಹಳೇ ಲೆಕ್ಕ ತೆಗೆದುಕೊಡಿ ಅಂದರೆ "ಬೇರೆ ಸಾಫ್ಟ್‌ವೇರ್‌ಗೆ ಹೊಂದೋದಿಲ್ಲ" ಅಂದ್ರು. ಕಾರ್ಯದರ್ಶಿಯವರೂ ಗುಮಾಸ್ತರೂ ಮೂರು ತಿಂಗಳು ರಾತ್ರಿ ಕೂತು ಪ್ರತಿಯೊಬ್ಬ ಸದಸ್ಯರ ಸಾಲ, ಠೇವಣಿ, ಷೇರನ್ನು ಕೈಯಾರೆ ನಮೂದಿಸಿದರು. ಕನ್ನಡ ಅಕ್ಷರಕ್ಕೂ ಇದೇ ಗತಿ ಇತ್ತು. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ಗೀಚುಗೀಚಾಗಿ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಸಂಕೇತವಾದ ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ತಗ್ಗಿತು.

ಯೂರೋಪ್ ಒಕ್ಕೂಟ ಈ ಬೇಡಿ ಸಡಿಲಿಸಲು ದತ್ತಾಂಶ ಕಾಯಿದೆ ಮಾಡಿ 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ತಂದಿತು. ಕ್ಲೌಡ್ ಬದಲಿಸುವ ಗ್ರಾಹಕರಿಂದ ಅದಕ್ಕಾಗಿ ಶುಲ್ಕ ಪಡೆಯಲು 2027ರ ಜನವರಿ 12ರಿಂದ ಅವಕಾಶವಿಲ್ಲ ಎಂದು ಅದರಲ್ಲಿದೆ. ಸ್ವತಂತ್ರ ಸಾಫ್ಟ್‌ವೇರಿನ ಹಾದಿ ಹೂವಿನ ಹಾಸಿಗೆಯೂ ಅಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಬರಲು ತೀರ್ಮಾನಿಸಿ, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ನಿರ್ಣಯಿಸಿತು. ನಮ್ಮ ನೆರೆಯ ಕೇರಳದಲ್ಲಾದರೆ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಸ್ವತಂತ್ರ ಸಾಫ್ಟ್‌ವೇರಿನಲ್ಲೇ ನಡೆದುಬಂದಿದೆ. ಶಿಕ್ಷಕರಿಗೆ ತರಬೇತಿ ಕೊಟ್ಟದ್ದು ಅಲ್ಲಿ ಕೈಹಿಡಿಯಿತು.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರ ಸಾಫ್ಟ್‌ವೇರೂ ಕ್ಲೌಡ್ ಆಧಾರಿತವೇ. ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಸಹಿ ಹಾಕುವ ಮುನ್ನ ಆಡಳಿತ ಮಂಡಳಿ ಮೂರು ಮಾತು ಕೇಳಬೇಕು. ನಮ್ಮ ಪೂರ್ತಿ ಲೆಕ್ಕ ಬೇರೆ ಕಡೆಯೂ ತೆರೆಯುವ ರೂಪದಲ್ಲಿ ಕೇಳಿದಾಗ ಸಿಗುತ್ತದೆಯೇ? ಬಿಟ್ಟು ಹೋಗುವಾಗ ಎಷ್ಟು ಹಣ? ಪ್ರತಿ ತಿಂಗಳ ಒಂದು ಪ್ರತಿ ನಮ್ಮ ಕಚೇರಿಯ ಕಪಾಟಿನಲ್ಲೂ ಇರುತ್ತದೆಯೇ? ಉತ್ತರವನ್ನು ಬಾಯಿಮಾತಿನಲ್ಲಲ್ಲ, ಕರಾರಿನಲ್ಲೇ ಬರೆಸಬೇಕು. ಮಹಾಸಭೆಯಲ್ಲಿ ಸದಸ್ಯರೂ ಇದನ್ನು ನಮ್ಮನ್ನು ಕೇಳಬೇಕು.

ಹಿರಿಯರು ಸಾಹುಕಾರನ ಕೈಯಿಂದ ಬಿಡಿಸಿ ತಂದ ಪುಸ್ತಕ ಇದು. ಇದರ ಕೀಲಿಕೈ ಸದಸ್ಯರ ಬಳಿಯೇ ಉಳಿಯಲಿ, ಈ ಬೆಳ್ಳಿ ಹಬ್ಬ ಸುವರ್ಣ ಮಹೋತ್ಸವದವರೆಗೂ ಬೆಳಗಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.