ಬ್ರೈಟನ್ನಿನ ಚಂಪಿ

ಶಾಂಪೂ ಎಂದರೆ ನಮಗೆ ಬಾಟಲಿ. 19ನೇ ಶತಮಾನದ ಆರಂಭದ ಬ್ರೈಟನ್ನಿನಲ್ಲಿ ಅದು ಮೈ ನೀವಿಸಿಕೊಳ್ಳುವ ಚಿಕಿತ್ಸೆ. ಪದ ಹಿಂದಿಯ ‘ಚಾಂಪೋ’ದಿಂದ ಹೋದದ್ದು. ಪಾಟ್ನಾ ಮೂಲದ ದೀನ್ ಮಹಮ್ಮದನ ಸ್ನಾನಗೃಹಕ್ಕೆ ಬಂದ ರೋಗಿ ಮೊದಲು ಗಿಡಮೂಲಿಕೆಯ ಹಬೆಯಲ್ಲಿ ಬೆವರಬೇಕು. ಸುತ್ತ ಫ್ಲಾನೆಲ್ ಬಟ್ಟೆಯ ಗುಡಾರ, ಅದಕ್ಕೆ ಅಂಗಿಯಂತೆ ತೋಳುಗಳು. ನೀವುವವನು ಹೊರಗೇ ನಿಂತು ಅವುಗಳೊಳಗೆ ಕೈ ತೂರಿಸುತ್ತಿದ್ದ. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲೇ ಪ್ರದರ್ಶನಕ್ಕಿಟ್ಟಿದ್ದರು. ದೊರೆ ನಾಲ್ಕನೇ ಜಾರ್ಜನೂ ಗಿರಾಕಿ.

ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯನೂ ಈತನೇ, 1794ರಲ್ಲಿ. ಮುಂದೆ ಚಿಕಿತ್ಸೆಯ ಕುರಿತು ಬರೆದಾಗ ಮಾತ್ರ ತನ್ನ ಹುಟ್ಟಿದ ವರ್ಷವನ್ನು 1759ರಿಂದ 1749ಕ್ಕೆ ಸರಿಸಿದ. ವೈದ್ಯ ಕಲಿತಿದ್ದೇನೆಂದು ಹೇಳಲು ಹತ್ತು ವರ್ಷ ಬೇಕಿತ್ತು. ನಿಜದಲ್ಲಿ ಆತ ಬಾಲಕನಾಗಿಯೇ ಕಂಪನಿಯ ಸೈನ್ಯದ ಹಿಂದೆ ಹೊರಟವನು. ದಾಖಲೆ ತಿದ್ದಿದವರ ಮೇಲೆ ಸಂಶೋಧಕರಿಗೆ ಸಿಟ್ಟು ಬರಬೇಕು. ನನಗೇಕೋ ಬರಲಿಲ್ಲ.