ಅಂಚುಗಟ್ಟುವ ಯಂತ್ರದ ಚರಿತ್ರೆ

ಹೊಲಿಗೆಯ ವಿಷಯವಾಗಿ ಚರಿತ್ರೆಯನ್ನು ಬರೆಯಹೊರಟ ಹಳೆಯ ಉಪಾಧ್ಯಾಯನನ್ನು ಕಂಡು ವಾಚಕರು ನಗಬಹುದು. ರಾಜವಂಶಾವಳಿ, ಶಾಸನಗಳ ಕಾಲನಿರ್ಣಯ, ಕವಿಗಳ ದೇಶವಿಚಾರ ಮುಂತಾದುವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಸೂಜಿದಾರಗಳಿಗೆ ಎಡೆಯೆಲ್ಲಿಯೆಂದು ಕೇಳಲೂಬಹುದು. ಆದರೆ ನಮ್ಮ ಪೂರ್ವಿಕರು ಸೂಜಿಯನ್ನು ಅಲ್ಪವೆಂದು ಎಣಿಸಿದವರಲ್ಲ. ಋಗ್ವೇದದ ಎರಡನೆಯ ಮಂಡಲದಲ್ಲಿ ರಾಕಾದೇವಿಯನ್ನು ಸ್ತುತಿಸುವ ಋಷಿಯು, ಆಕೆಯು ಮುರಿಯದ ಸೂಜಿಯಿಂದ ತನ್ನ ಕಾರ್ಯವನ್ನು ಹೊಲಿಯಲೆಂದು ಬೇಡಿಕೊಳ್ಳುತ್ತಾನೆ. ಅಮರಸಿಂಹನು ಹೊಲಿಯುವವನಿಗೆ ತುನ್ನವಾಯ, ಸೌಚಿಕ ಎಂಬ ಎರಡು ಹೆಸರುಗಳನ್ನು ಕೋಶದಲ್ಲಿ ಸೇರಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ರಾಮಿತಂದೆಯೆಂಬ ವಚನಕಾರನು ‘ಸೂಜಿಕಾಯಕದ’ ಎಂಬ ವಿಶೇಷಣದಿಂದಲೇ ಇಂದಿಗೂ ಪ್ರಸಿದ್ಧನಾಗಿದ್ದಾನೆ. ಇಷ್ಟು ಪರಂಪರೆಯುಳ್ಳ ಉಪಕರಣದ ವಿಷಯವಾಗಿ ನಾಲ್ಕು ಮಾತು ಬರೆದರೆ ಅಪರಾಧವಾಗಲಾರದು.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಹೋದ ವರ್ಷ ನನ್ನ ಸೊಸೆಯು ಓವರ್‌ಲಾಕ್ ಯಂತ್ರವೊಂದನ್ನು ತರಿಸಿಕೊಂಡಳು. ಬಂದ ಯಂತ್ರವು ಮೂರು ತಿಂಗಳ ಕಾಲ ಹಳೆಯ ಪಂಚೆಯೊಂದನ್ನು ಹೊದ್ದು ಮೂಲೆಯಲ್ಲಿ ಕುಳಿತಿತ್ತು. ಏಕೆಂದು ಕೇಳಲು, “ಮಾವ, ನಮ್ಮ ಹಳೆಯ ಮೆಷಿನ್ನಿಗೆ ಮೇಲೊಂದು ದಾರ, ಕೆಳಗೊಂದು ದಾರ, ಅಷ್ಟೇ. ಇದಕ್ಕೆ ನಾಲ್ಕು ದಾರ. ಜೊತೆಗೆ ಕತ್ತಿ ಬೇರೆ ಇದೆ. ಒಂದು ತಪ್ಪಿದರೆ ಎಲ್ಲ ಸಿಕ್ಕಾಗುತ್ತದೆ, ಬಟ್ಟೆಯೂ ಹಾಳಾಗುತ್ತದೆ. ಮುಟ್ಟಲು ಭಯ” ಎಂದಳು. ಭಯವಿದ್ದಲ್ಲಿ ವಿದ್ಯೆ ನಿಲ್ಲದೆಂಬುದನ್ನು ಮೂವತ್ತು ವರ್ಷಗಳ ಕಾಲ ತರಗತಿಗಳಲ್ಲಿ ಕಂಡವನು ನಾನು. ಯಾವ ವಸ್ತುವು ಏತಕ್ಕಾಗಿ ಹುಟ್ಟಿತೆಂದು ತಿಳಿದರೆ ಅದರ ಭಯವು ಅರ್ಧ ಕಳೆಯುವುದೆಂದು ಭಾವಿಸಿ, ಅವಳಿಗೆ ಹೇಳುವುದಕ್ಕಾಗಿ ಓದತೊಡಗಿದೆನು. ಓದುತ್ತ ಹೋದಂತೆ ಪಾಠವು ನನಗೇ ಆಯಿತು.

ಅಂಚೆಂದರೇನೆಂಬುದನ್ನು ಮೊದಲು ವಿಚಾರಿಸೋಣ. ಮಗ್ಗದ ಮೇಲೆ ಹೊಕ್ಕಿನ ನೂಲು ಎರಡು ಪಕ್ಕಗಳಲ್ಲಿಯೂ ಹಿಂತಿರುಗಿ ಬಟ್ಟೆಯೊಳಕ್ಕೆ ಬರುವುದರಿಂದ ಅಲ್ಲಿ ಎಳೆ ಬಿಡುವುದಿಲ್ಲ. ಪಂಚೆ, ಸೀರೆ, ಶಲ್ಯಗಳನ್ನು ಮಗ್ಗದಿಂದ ಇಳಿದಂತೆಯೇ ಉಡುತ್ತಿದ್ದವರಿಗೆ ಅಂಚಿನ ಚಿಂತೆ ಹೆಚ್ಚಾಗಿರಲಿಲ್ಲ. ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳನ್ನು ಸೇರಿಸಿ ಕುಚ್ಚು ಕಟ್ಟಿದರೆ ಆಯಿತು. ಅಲಂಕಾರವೂ ರಕ್ಷಣೆಯೂ ಒಂದೇ ಗಂಟಿನಲ್ಲಿ ಸಿದ್ಧಿಸುತ್ತಿದ್ದುವು. ಕತ್ತರಿ ಬಿದ್ದ ಬಟ್ಟೆಯ ಪಾಡು ಬೇರೆ. ಕತ್ತರಿಸಿದೆಡೆಯಲ್ಲಿ ಹಿಡಿದು ನಿಲ್ಲಿಸುವವರಿಲ್ಲದೆ ಎಳೆಗಳು ಒಂದೊಂದಾಗಿ ಜಾರುತ್ತವೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಹೊಲಿಗೆಯವರೆಗೂ ಬಂದು ಹೊಲಿಗೆಯನ್ನೇ ಬಿಡಿಸುತ್ತವೆ. ನೋಡುವವರು ಮೆಚ್ಚುವುದು ಹೊರಗಿನ ಹೊಲಿಗೆಯನ್ನು. ಉಡುಪಿನ ಆಯುಸ್ಸಾದರೋ ಒಳಮಗ್ಗುಲಿನ ಅಂಚಿನಲ್ಲಿದೆ.

ನನ್ನ ಗೃಹಿಣಿಯು, ಆಕೆ ಈಗ ಇಲ್ಲ, ಮಕ್ಕಳ ಅಂಗಿ ಲಂಗಗಳನ್ನು ತಾನೇ ಹೊಲಿಯುತ್ತಿದ್ದಳು. ಹಗಲಿನಲ್ಲಿ ಯಂತ್ರದ ಮೇಲೆ ಉದ್ದ ಹೊಲಿಗೆಗಳನ್ನು ಹಾಕಿ, ರಾತ್ರಿ ಎಲ್ಲರ ಊಟವಾದ ಮೇಲೆ ದೀಪದಡಿಯಲ್ಲಿ ಕುಳಿತು ಒಳಗಿನ ಅಂಚುಗಳನ್ನು ಕೈಯಿಂದ ಸುತ್ತುತ್ತಿದ್ದಳು. ಅದೇ ದೀಪದ ಇನ್ನೊಂದು ಪಕ್ಕದಲ್ಲಿ ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆನು. ನನ್ನದು ಕೆಲಸವೆಂದೂ ಅವಳದು ಹೊತ್ತು ಕಳೆಯುವ ಬಗೆಯೆಂದೂ ಆಗ ಎಣಿಸಿದ್ದುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ಯಂತ್ರಗಳ ವೃತ್ತಾಂತ. ೧೭೯೦ರಲ್ಲಿ ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬವನು ಹೊಲಿಯುವ ಯಂತ್ರವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ಅದು ವ್ಯವಹಾರದಲ್ಲಿ ಬಳಕೆಗೆ ಬರಲಿಲ್ಲ. ೧೮೩೦ರಲ್ಲಿ ಫ್ರಾನ್ಸ್ ದೇಶದ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿಯು ಸರಪಣಿಹೊಲಿಗೆ ಹಾಕುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದು, ಪ್ಯಾರಿಸ್ ನಗರದಲ್ಲಿ ಸುಮಾರು ೮೦ ಯಂತ್ರಗಳನ್ನಿಟ್ಟು ಸೈನ್ಯದ ಉಡುಪುಗಳನ್ನು ಹೊಲಿಸತೊಡಗಿದನು. ೧೮೩೧ರಲ್ಲಿ ಆ ನಗರದ ದರ್ಜಿಗಳು, ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಕೆರಳಿ, ಕಾರ್ಯಾಲಯಕ್ಕೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ತಿಮೊನಿಯೆಯು ೧೮೫೭ರಲ್ಲಿ ಬಡತನದಲ್ಲಿಯೇ ಕಾಲವಾದನು. ದರ್ಜಿಗಳನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ಯಂತ್ರದಿಂದ ಉಳಿಯುವ ಕಾಲವು ಯಾರ ಪಾಲಿಗೆ ಸೇರುವುದೆಂಬ ಅವರ ಪ್ರಶ್ನೆಯು ಮೂಢಪ್ರಶ್ನೆಯಲ್ಲವೆಂಬುದನ್ನು ಮುಂದೆ ಕಾಣುವೆವು.

ಇದೇ ದಶಕದಲ್ಲಿ ನ್ಯೂಯಾರ್ಕ್ ನಗರದ ವಾಲ್ಟರ್ ಹಂಟನು ತುದಿಯಲ್ಲಿ ಕಣ್ಣುಳ್ಳ ಸೂಜಿಯನ್ನೂ ಎರಡು ದಾರಗಳ ಬಿಗಿಹೊಲಿಗೆಯನ್ನೂ ಕಂಡುಹಿಡಿದನಾದರೂ ಹಕ್ಕುಪತ್ರವನ್ನು ಕೇಳಲಿಲ್ಲ. ಹೊಲಿದು ಜೀವಿಸುವ ಹೆಂಗಸರು ನಿರ್ಗತಿಕರಾದಾರೆಂಬ ಸಂಕೋಚವೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆದರೆ ಯಂತ್ರವಿಲ್ಲದ ಕಾಲದಲ್ಲಿಯೂ ಅವರ ಸ್ಥಿತಿಯು ಸುಖಕರವಾಗಿರಲಿಲ್ಲ. ೧೮೪೩ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಥಾಮಸ್ ಹುಡ್ ಕವಿಯು ಅಂಗಿ ಹೊಲಿಯುವ ಬಡಹೆಂಗಸಿನ ಗೋಳನ್ನು ಹಾಡಾಗಿ ಪ್ರಕಟಿಸಿದಾಗ ಆ ದೇಶದ ಸಭ್ಯಗೃಹಸ್ಥರು ತಾವು ತೊಟ್ಟ ಅಂಗಿಯ ಬೆಲೆಯನ್ನು ಮೊದಲ ಸಲ ಅರಿತು ತಲೆತಗ್ಗಿಸಿದರು. ತರುವಾಯ ೧೮೪೬ರಲ್ಲಿ ಅಮೆರಿಕಾ ದೇಶದ ಎಲಿಯಾಸ್ ಹೋವ್ ಬಿಗಿಹೊಲಿಗೆಯ ಯಂತ್ರಕ್ಕೂ, ೧೮೫೧ರಲ್ಲಿ ಐಸಾಕ್ ಸಿಂಗರ್ ತನ್ನ ಸುಧಾರಿತ ಯಂತ್ರಕ್ಕೂ ಹಕ್ಕುಪತ್ರಗಳನ್ನು ಪಡೆದರು. ೧೮೫೬ರಿಂದ ಸಿಂಗರ್ ಸಂಸ್ಥೆಯು ಕಂತಿನ ಮೇಲೆ ಮಾರತೊಡಗಲು ಯಂತ್ರವು ಸಾಧಾರಣ ಗೃಹಸ್ಥರ ಮನೆಗಳನ್ನೂ ಹೊಕ್ಕಿತು. ೧೮೬೦ರ ದಶಕದ ಆರಂಭದಲ್ಲಿ ವೀಲರ್ ಮತ್ತು ವಿಲ್ಸನ್ ಎಂಬ ಯಂತ್ರನಿರ್ಮಾಪಕರು ತಾವೇ ಪರೀಕ್ಷಿಸಿ ಪ್ರಕಟಿಸಿದ ಲೆಕ್ಕದಂತೆ, ಗಂಡಸರ ಒಂದು ಅಂಗಿಗೆ ಕೈಯಲ್ಲಿ ೧೪ ಗಂಟೆ ೨೬ ನಿಮಿಷಗಳೂ ಯಂತ್ರದಲ್ಲಿ ೧ ಗಂಟೆ ೧೬ ನಿಮಿಷಗಳೂ ಹಿಡಿಯುತ್ತಿದ್ದುವು. ಮಾರುವವರ ಲೆಕ್ಕವೆಂದು ಸ್ವಲ್ಪ ಕಳೆದರೂ ಭೇದವು ಅದ್ಭುತವೇ ಸರಿ.

ಆದರೂ ಮನೆಗಳಿಗೆ ಬಂದ ಈ ಯಂತ್ರವು ಎರಡು ಬಟ್ಟೆಗಳನ್ನು ಕೂಡಿಸಬಲ್ಲುದಾಗಿತ್ತೇ ಹೊರತು ಕತ್ತರಿಸಿದ ಅಂಚನ್ನು ಸುತ್ತಲು ಅರಿಯದು. ಆ ಕೆಲಸವು ಮೊದಲಿನಂತೆ ಕೈಗೇ, ರಾತ್ರಿಗೇ, ದೀಪಕ್ಕೇ ಉಳಿಯಿತು. ಈ ಕೊರತೆಯನ್ನು ನೀಗಿಸಿದ ಉಪಾಯವು ಹೊರಟದ್ದು ಹೆಣೆದ ಬಟ್ಟೆಯ ಕಾರ್ಖಾನೆಯೊಂದರಿಂದ. ಹೆಣೆದ ಬಟ್ಟೆಯಲ್ಲಿ ಒಂದು ಕುಣಿಕೆ ಕಡಿದರೆ ಅದರ ಕೆಳಗಿನವೆಲ್ಲ ಸಾಲಾಗಿ ಬಿಚ್ಚಿಕೊಳ್ಳುವುವು. ಆದುದರಿಂದ ಅಂಚಿನ ಚಿಂತೆಯು ಅಲ್ಲಿಯವರಿಗೆ ಇತರರಿಗಿಂತ ಹೆಚ್ಚು. ಅಮೆರಿಕಾದ ಕನೆಕ್ಟಿಕಟ್ ಪ್ರಾಂತದಲ್ಲಿ ಇಂಥ ಕಾರ್ಖಾನೆಯನ್ನು ನಡೆಸುತ್ತಿದ್ದ ಮೆರೊ ಮನೆತನದವರು ಕ್ರೋಷೆ ಕಡ್ಡಿಯ ಹೆಣಿಗೆಯನ್ನು ಅನುಕರಿಸುವ ಯಂತ್ರವನ್ನು ಮೊದಲು ನಿರ್ಮಿಸಿ, ಅದರಿಂದ ಮುಂದುವರಿದು ೧೮೮೧ರಲ್ಲಿ ಅಂಚು ಸುತ್ತುವ ಯಂತ್ರವನ್ನು ಸಾಧಿಸಿದರು. ೧೮೮೯ರಲ್ಲಿ ಜೋಸೆಫ್ ಮೆರೊವಿಗೆ ಇದರ ಹಕ್ಕುಪತ್ರವು ದೊರೆಯಿತು. ವಿಲ್‌ಕಾಕ್ಸ್ ಮತ್ತು ಗಿಬ್ಸ್ ಸಂಸ್ಥೆಯವರೊಡನೆ ನಡೆದ ವ್ಯಾಜ್ಯದಲ್ಲಿ ೧೯೦೫ರಲ್ಲಿ ಮೆರೊ ಪಕ್ಷಕ್ಕೇ ಜಯವಾಯಿತು.

ಸೊಸೆಯ ಭಯವನ್ನು ಬಿಡಿಸಿದ್ದು ಈ ಕ್ರೋಷೆಯ ವೃತ್ತಾಂತವೇ. ಯಂತ್ರದಲ್ಲಿ ಬಾಬಿನ್ ಇಲ್ಲ. ಅದಕ್ಕೆ ಬದಲಾಗಿ ಲೂಪರ್ ಎಂಬ ಎರಡು ಬಾಗಿದ ಕೈಗಳುಂಟು. ಒಂದು ಬಟ್ಟೆಯ ಮೇಲುಗಡೆಗೂ ಇನ್ನೊಂದು ಕೆಳಗಡೆಗೂ ದಾರದ ಕುಣಿಕೆಯನ್ನು ಒಯ್ಯುತ್ತವೆ. ಸೂಜಿಯು ಆ ಕುಣಿಕೆಗಳನ್ನು ಹಿಡಿದು ನಿಲ್ಲಿಸುತ್ತದೆ. ಅಂಚಿನ ಮೇಲೆ ಎರಡು ದಾರಗಳೂ ಸಂಧಿಸುತ್ತವೆ. ಕತ್ತಿಯು ಸೂಜಿಗಿಂತ ಮುಂದೆ ನಿಂತು ಹೆಚ್ಚಾದ ಬಟ್ಟೆಯನ್ನು ಸವರುತ್ತ ಹೋಗುತ್ತದೆ. ಮೂರು ದಾರದ ಯಂತ್ರಕ್ಕೆ ಸೂಜಿ ಒಂದು, ನಾಲ್ಕು ದಾರದ್ದಕ್ಕೆ ಎರಡು. ಕಾರ್ಖಾನೆಗಳಲ್ಲಿದ್ದ ಈ ಯಂತ್ರವು ೧೯೬೦ರ ದಶಕದಲ್ಲಿ ಜಪಾನ್ ದೇಶದಲ್ಲಿ ಚಿಕ್ಕದಾಗಿ ರೂಪುಗೊಂಡು ಮನೆಗಳಿಗೆ ಬಂದಿತು. “ಇದು ಅತ್ತೆಯವರ ಕ್ರೋಷೆ ಕಡ್ಡಿಯೇ ಅಲ್ಲವೆ, ಮಾವ?” ಎಂದು ಸೊಸೆಯು ನಕ್ಕಳು. ಅಂದೇ ಪಂಚೆಯ ಮುಸುಕು ಹೋಯಿತು.

ಆದರೆ ಯಂತ್ರವು ಕ್ರಮವಿಲ್ಲದವರಿಗೆ ಒಲಿಯದು. ನಾನು ಪಾಠಶಾಲೆಯಲ್ಲಿ ಕಲಿತ ಎರಡು ನ್ಯಾಯಗಳು ಇಲ್ಲಿ ಉಪಯೋಗಕ್ಕೆ ಬಂದುವು. ಮೊದಲನೆಯದು ಸ್ಥಾಲೀಪುಲಾಕನ್ಯಾಯ. ಒಂದು ಅಗುಳನ್ನು ಒತ್ತಿ ಪಾತ್ರೆಯ ಅನ್ನವೆಲ್ಲ ಬೆಂದುದನ್ನು ತಿಳಿಯುವಂತೆ, ಅದೇ ಬಟ್ಟೆಯ ಗೇಣುದ್ದದ ಚೂರೊಂದರ ಮೇಲೆ ಹೊಲಿದು ದಾರಗಳ ಬಿಗಿಯನ್ನು ನೋಡಿಕೊಳ್ಳಬೇಕು. ಎರಡನೆಯದು ಸೂಚೀಕಟಾಹನ್ಯಾಯ. ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಕೊಡೆಂದು ಕೇಳಿದರೆ ಕಮ್ಮಾರನು ಸೂಜಿಯನ್ನು ಮೊದಲು ಮುಗಿಸುವನಷ್ಟೆ. ಅದರಂತೆ ಸೊಸೆಯು ಮೊದಲು ದಿಂಬಿನ ಚೀಲ, ಒರಸುವ ಬಟ್ಟೆ ಮುಂತಾದ ನೇರ ಅಂಚಿನ ಸಣ್ಣ ಕೆಲಸಗಳನ್ನು ಮುಗಿಸಿ, ಕೈ ಕುದುರಿದ ಮೇಲೆ ಕುಪ್ಪಸದ ತೋಳಿನಂಥ ಬಾಗಿದ ಅಂಚುಗಳಿಗೆ ಹೋದಳು. ನಾಲ್ಕು ದಾರಗಳನ್ನು ಬದಲಿಸುವುದೇ ಹೆಚ್ಚಿನ ಹೊತ್ತು ಹಿಡಿಯುವುದರಿಂದ, ಕತ್ತರಿಸಿದ ಬಟ್ಟೆಗಳನ್ನೆಲ್ಲ ದಾರದ ಬಣ್ಣಕ್ಕೆ ತಕ್ಕಂತೆ ಗುಂಪುಮಾಡಿ, ಬಿಳಿಯವನ್ನೆಲ್ಲ ಒಂದು ದಿನ, ಕಪ್ಪಿನವನ್ನೆಲ್ಲ ಇನ್ನೊಂದು ದಿನ ಹೊಲಿಯುವ ಪದ್ಧತಿಯನ್ನಿಟ್ಟಳು. ಬದಲಿಸುವಾಗಲೂ ಹಳೆಯ ದಾರವನ್ನು ಕಿತ್ತುಹಾಕದೆ ಅದರ ತುದಿಗೆ ಹೊಸದನ್ನು ಗಂಟುಹಾಕಿ ಎಳೆದುಕೊಂಡರೆ ದಾರಿ ತಪ್ಪದು. ಮೊದಲಿನಿಂದಲೇ ಪೋಣಿಸಬೇಕಾದರೆ ಬಹುಪಾಲು ಯಂತ್ರಗಳಲ್ಲಿ ಮೇಲಿನ ಲೂಪರ್, ಆಮೇಲೆ ಕೆಳಗಿನದು, ಕಡೆಗೆ ಸೂಜಿಗಳು ಎಂಬ ಕ್ರಮವಿದೆ. ಕ್ರಮಭಂಗವಾದರೆ ಕೆಳಗಿನ ದಾರವು ಸೂಜಿಯ ದಾರದಲ್ಲಿ ಸಿಕ್ಕಿ ಕಡಿಯುತ್ತದೆ. ಗುಂಡುಸೂಜಿಗಳನ್ನು ಕತ್ತಿಯ ದಾರಿಯಲ್ಲಿ ಬಿಡಲೇ ಕೂಡದು.

ಈಗ ಪ್ಯಾರಿಸಿನ ದರ್ಜಿಗಳ ಪ್ರಶ್ನೆಗೆ ಬರೋಣ. ಯಂತ್ರಗಳ ವಿಷಯದಲ್ಲಿ ನಿಷ್ಠುರರಾಗಿದ್ದ ಗಾಂಧೀಜಿಯವರು ೧೯೨೪ರಲ್ಲಿ ಹೊಲಿಗೆಯ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಬೇಸರದ ದುಡಿಮೆಯನ್ನು ಕಂಡು ಪ್ರೀತಿಯಿಂದ ಸಿಂಗರನು ಅದನ್ನು ನಿರ್ಮಿಸಿದನೆಂಬುದು ಅವರು ಹೇಳಿದ ಕಾರಣ. ಚರಿತ್ರೆಯ ದೃಷ್ಟಿಯಿಂದ ಈ ಕಥೆಯು ಸಿಂಗರನಿಗೆ ಒಪ್ಪುವುದಿಲ್ಲ. ರೋಗದಿಂದ ಮನೆಯಲ್ಲಿ ಬಿದ್ದಿದ್ದು, ಹೆಂಡತಿಯು ಹೊಲಿದು ಸಂಸಾರವನ್ನು ಸಾಗಿಸುವುದನ್ನು ಕಂಡವನು ಹೋವ್. ಆದರೆ ಗಾಂಧೀಜಿಯವರ ವಿಚಾರಕ್ಕೆ ಇದರಿಂದ ಹಾನಿಯಿಲ್ಲ. ಯಂತ್ರವು ಉಳಿಸುವ ಶ್ರಮವು ದುಡಿಯುವ ವ್ಯಕ್ತಿಗೇ ಸಲ್ಲಬೇಕು, ಲೋಭಕ್ಕಲ್ಲ ಎಂಬುದು ಅವರ ಅಭಿಪ್ರಾಯದ ಸಾರ.

ನಮ್ಮ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಓವರ್‌ಲಾಕ್ ಯಂತ್ರಗಳು ಸಾಲುಸಾಲಾಗಿವೆ. ಕಾರ್ಖಾನೆಯ ಇಂಥ ಯಂತ್ರವು ನಿಮಿಷಕ್ಕೆ ಸಾವಿರಾರು ಕುಣಿಕೆಗಳನ್ನು ಹಾಕಬಲ್ಲುದು. ಅವುಗಳ ಮುಂದೆ ಕುಳಿತವರಲ್ಲಿ ಬಹುಮಂದಿ ಹೆಂಗಸರು. ಉಳಿದ ಕಾಲವು ಅವರಿಗೆ ವಿಶ್ರಾಂತಿಯಾಗಿ ಬರಲಿಲ್ಲ. ಇನ್ನೊಂದು ಅಂಗಿಯಾಗಿ ಬಂದಿತು. ೨೦೧೬ನೆಯ ಇಸವಿ ಏಪ್ರಿಲ್ ೧೮, ೧೯ರಂದು, ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವುದಕ್ಕೆ ತಡೆಯೊಡ್ಡಿದ ನಿಯಮವನ್ನು ವಿರೋಧಿಸಿ ಸಾವಿರಾರು ಮಂದಿ ಈ ಹೆಂಗಸರು ಬೀದಿಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ೧೯ರಂದೇ ಹಿಂತೆಗೆದುಕೊಂಡಿತು. ಪ್ಯಾರಿಸಿನ ದರ್ಜಿಗಳು ಯಂತ್ರವನ್ನು ಒಡೆದರು. ಇವರು ಯಂತ್ರವನ್ನು ಬಿಟ್ಟೆದ್ದು ತಮ್ಮ ದುಡಿಮೆಯ ಫಲವನ್ನು ಕೇಳಿದರು. ಎರಡು ಪ್ರಸಂಗಗಳ ನಡುವೆ ೧೮೫ ವರ್ಷಗಳ ಅಂತರವಿದ್ದರೂ ಪ್ರಶ್ನೆಯು ಒಂದೇ.

ಮನೆಯೊಳಗೂ ಅದೇ ಪ್ರಶ್ನೆಯಿದೆ. ಅಂಚಿನ ಕೆಲಸವು ಗಂಟೆಯಿಂದ ನಿಮಿಷಕ್ಕಿಳಿದ ಮೇಲೆ, “ಇನ್ನೆರಡು ಹೊಲಿದುಕೊಡು” ಎಂದು ಮನೆಯವರೆಲ್ಲ ಬಟ್ಟೆಗಳನ್ನು ತಂದು ರಾಶಿ ಹಾಕಿದರೆ ಯಂತ್ರದಿಂದ ಬಂದ ಲಾಭವೇನು? ನಮ್ಮ ಮನೆಯಲ್ಲಿಯೂ ಹಾಗೆಯೇ ಆಗತೊಡಗಿತ್ತು. ತಂದವರಲ್ಲಿ ನಾನೂ ಒಬ್ಬನು. ಈಗ ವಾರಕ್ಕೆ ಎರಡೇ ದಿನಗಳೆಂದು ಸೊಸೆಯು ಗೊತ್ತುಮಾಡಿದ್ದಾಳೆ. ಉಳಿದ ಸಂಜೆಗಳಲ್ಲಿ ಅವಳು ಓದುತ್ತಾಳೆ; ಗುಂಡಿ ಹಾಕುವ ಕೆಲಸವನ್ನು ನಾನು ಕಲಿತಿದ್ದೇನೆ.

ಮೊನ್ನೆ ಹಳೆಯ ಪೆಟ್ಟಿಗೆಯನ್ನು ತೆಗೆದಾಗ ಮಗಳ ಬಾಲ್ಯದ ಲಂಗವೊಂದು ಸಿಕ್ಕಿತು. ಬಣ್ಣವು ಮಾಸಿತ್ತು, ಸೊಂಟದ ಪಟ್ಟಿಯು ಹರಿದಿತ್ತು. ಸೊಸೆಯು ಒಳಮಗ್ಗುಲನ್ನು ಹೊರಳಿಸಿ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದಳು. ಕೈಯಿಂದ ಸುತ್ತಿದ ಅಂಚಿನಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ. ಪಟ್ಟಿಯನ್ನು ಮಾತ್ರ ಹೊಸದಾಗಿ ಹಾಕಿ, ಅಂಚನ್ನು ಮುಟ್ಟದೆ ಮಡಿಸಿಟ್ಟಳು. ಇಂಥ ಬಟ್ಟೆಯು ವಾಚಕರ ಮನೆಗಳಲ್ಲಿಯೂ ಇದ್ದೀತು. ಒಮ್ಮೆ ಒಳಮಗ್ಗುಲನ್ನು ಹೊರಳಿಸಿ ನೋಡಬೇಕೆಂದೂ, ಹೊಲಿದವರು ಇನ್ನೂ ಮನೆಯಲ್ಲಿದ್ದರೆ ಅವರೊಡನೆ ಎರಡು ಮಾತನಾಡಬೇಕೆಂದೂ ನನ್ನ ಪ್ರಾರ್ಥನೆ.